ಪ್ಲಗ್ ಪಾಯಿಂಟಿಗೆ ಮುಚ್ಚಳ ತರುವ ಮೊದಲು ಡಿಬಿ ಬಾಗಿಲು ತೆರೆದು ನೋಡಿ

ಹಳೇ ಮನೆಗಳಲ್ಲಿ ಸ್ವಿಚ್‌ಬೋರ್ಡು ನೆಲದಿಂದ ನಾಲ್ಕು, ನಾಲ್ಕೂವರೆ ಅಡಿ ಮೇಲೆ ಇರುತ್ತಿತ್ತು. ಈಗಿನ ಫ್ಲಾಟುಗಳಲ್ಲಿ ಟಿವಿ ಹಿಂದೆ, ಮಂಚದ ಪಕ್ಕ, ಸೋಫಾ ಮೂಲೆಯಲ್ಲಿ ಪ್ಲಗ್ ಪಾಯಿಂಟುಗಳು ನೆಲದಿಂದ ಒಂದಡಿಗೆ ಇಳಿದಿವೆ. ಅಂಬೆಗಾಲಿಡುವ ಮಗುವಿನ ಕಣ್ಣೂ ಅದೇ ಮಟ್ಟದಲ್ಲಿರುತ್ತದೆ. ತೂತು ಕಂಡಲ್ಲಿ ಬೆರಳು ಹಾಕುವುದು, ಕೈಗೆ ಸಿಕ್ಕಿದ್ದನ್ನು ತುರುಕುವುದು ಆ ವಯಸ್ಸಿನ ಕಲಿಕೆ. ಗದರಿಸಿ ಬಿಡಿಸುವ ಚಟವಲ್ಲ ಅದು.

ಸಾಕೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. 6 ಆಂಪಿನ ಸಾಕೆಟ್ಟಿನ ಕೆಳಗಿನ ಎರಡು ತೂತುಗಳು 5 ಮಿಲಿಮೀಟರಿಗಿಂತ ತುಸು ಅಗಲ. ಗೀಸರ್, ಎಸಿಗೆ ಹಾಕುವ 16 ಆಂಪಿನದರಲ್ಲಿ 7 ಮಿಲಿಮೀಟರ್ ದಾಟುತ್ತವೆ. ಷಟರ್ (ತೂತಿಗೆ ಒಳಗಿನಿಂದ ಅಡ್ಡವಾಗಿರುವ ಪ್ಲಾಸ್ಟಿಕ್ ತಡೆ) ಇಲ್ಲದ ಹಳೇ ಸಾಕೆಟ್ಟಾದರೆ ಟಾರ್ಚ್ ಹಿಡಿದಾಗ ಒಳಗಿನ ಹಿತ್ತಾಳೆ ಹೊಳೆಯುವುದು ಕಾಣುತ್ತದೆ. ದೊಡ್ಡವರ ಬೆರಳು ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಹೇರ್‌ಪಿನ್, ಸೀರೆಗೆ ಚುಚ್ಚುವ ಪಿನ್ನು, ಬೀರುವಿನ ಕೀ, ಸ್ಟೀಲ್ ಚಮಚದ ಹಿಡಿ, ಉಪಯೋಗಿಸಿ ಬಿಸಾಡಿದ ಪೆನ್ನಿನ ಲೋಹದ ರಿಫಿಲ್ ಇವೆಲ್ಲ ಸಲೀಸಾಗಿ ಹೋಗುತ್ತವೆ. 16 ಆಂಪಿನದಕ್ಕೆ ಎಳೆಯ ಮಗುವಿನ ಕಿರುಬೆರಳ ತುದಿಯೂ ಇಳಿಯಬಹುದು. ಅಂಥ ಹೊತ್ತಲ್ಲಿ ಮಗುವಿನ ಕೈ ಜೊಲ್ಲಿನಿಂದ ಒದ್ದೆಯಾಗಿರುತ್ತದೆ, ಮೊಣಕಾಲು ಈಗಷ್ಟೇ ಒರೆಸಿದ ನೆಲದ ಮೇಲಿರುತ್ತದೆ. ಕೈಯಿಂದ ಮೊಣಕಾಲಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಎದೆಯಿದೆ.

ಹೆಚ್ಚಿನವರು ಮಗು ತೆವಳಲು ಶುರುಮಾಡಿದ ಕೂಡಲೇ ಪ್ಲಾಸ್ಟಿಕ್ ಮುಚ್ಚಳಗಳ ಒಂದು ಪ್ಯಾಕೆಟ್ ತರಿಸಿ ನಿರಾಳವಾಗುತ್ತಾರೆ. ಮುಚ್ಚಳ ಬೇಡ ಎನ್ನುತ್ತಿಲ್ಲ. ಆದರೆ ಅದು ಕೊನೆಗೆ ಬರಬೇಕಾದ ಕೆಲಸ, ಮತ್ತು ಎಲ್ಲಕ್ಕಿಂತ ದುರ್ಬಲವಾದ ರಕ್ಷಣೆ. ಮೊದಲ ಕೆಲಸ ಇರುವುದು ಬಾಗಿಲ ಹಿಂದೆಯೋ ಮೆಟ್ಟಿಲ ಕೆಳಗೋ ಇರುವ ಡಿಬಿ, ಅಂದರೆ ಮನೆಯ ಲೈನುಗಳೆಲ್ಲ ಕವಲೊಡೆಯುವ ಡಿಸ್ಟ್ರಿಬ್ಯೂಷನ್ ಬೋರ್ಡಿನ ಡಬ್ಬಿಯೊಳಗೆ.

ಯಾಕೆ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ಒದ್ದೆ ಕೈಯಿರುವ ದೇಹದ ತಡೆಯನ್ನು ಲೆಕ್ಕಕ್ಕೆಂದು ಸುಮಾರು 1,000 ಓಮ್ ಎಂದು ಹಿಡಿಯುತ್ತಾರೆ. 230ನ್ನು 1,000ದಿಂದ ಭಾಗಿಸಿದರೆ 0.23 ಆಂಪ್, ಅಂದರೆ 230 ಮಿಲಿಆಂಪ್. ದೊಡ್ಡವರಿಗೇ 10 ಮಿಲಿಆಂಪ್ ಸುಮಾರಿಗೆ ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲಾಗದ ಸ್ಥಿತಿ ಬರುತ್ತದೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ ಸಾಕು. ನೂರಿನ್ನೂರು ಮಿಲಿಆಂಪ್ ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ಲಯ ತಪ್ಪುತ್ತದೆ.

"ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ತಾನೇ ಬೀಳುತ್ತೆ" ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. (ಎಂಸಿಬಿ ಎಂದರೆ ಡಿಬಿಯಲ್ಲಿ ಸಾಲಾಗಿರುವ, ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು.) ಬೀಳುವುದಿಲ್ಲ. ಪ್ಲಗ್ ಪಾಯಿಂಟಿನ ಎಂಸಿಬಿ 10 ಅಥವಾ 16 ಆಂಪಿನದು, ಅಂದರೆ 10,000 ಮಿಲಿಆಂಪ್ ದಾಟುವವರೆಗೆ ಅದಕ್ಕೆ ಎಲ್ಲವೂ ಸರಿಯಾಗಿಯೇ ಇದೆ. ಮಗುವಿನ ಮೈಯಲ್ಲಿ ಹರಿಯುವ 230 ಮಿಲಿಆಂಪ್ ಅದರ ಪಾಲಿಗೆ ಒಂದು ಹಳೇ ಕಾಲದ ಬಲ್ಬು ಉರಿದಷ್ಟು. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು.

ಜೀವ ಉಳಿಸಲೆಂದೇ ಇರುವುದು ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು, ಆರ್‌ಸಿಸಿಬಿ. ಕರೆಂಟು ತರುವ ಫೇಸ್, ಅದನ್ನು ಮರಳಿಸುವ ನ್ಯೂಟ್ರಲ್ ಎರಡೂ ತಂತಿಗಳು ಅದರ ಮೂಲಕವೇ ಹೋಗುತ್ತವೆ. ಹೊರಟ ಕರೆಂಟನ್ನೂ ಮರಳಿ ಬಂದ ಕರೆಂಟನ್ನೂ ಅದು ಸದಾ ತಾಳೆ ಹಾಕುತ್ತಿರುತ್ತದೆ. ಮಗುವಿನ ಮೈಯಿಂದ ನೆಲಕ್ಕೆ ಇಳಿದದ್ದು ನ್ಯೂಟ್ರಲ್‌ಗೆ ಮರಳುವುದಿಲ್ಲವಲ್ಲ, ಆ ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವುದರೊಳಗೆ ಲೈನ್ ಕಡಿಯುತ್ತದೆ. ಸೋರಿಕೆ 150 ಮಿಲಿಆಂಪ್ ದಾಟಿದ್ದರೆ 40 ಮಿಲಿಸೆಕೆಂಡಿನೊಳಗೆ ಕಡಿಯಬೇಕು ಎಂಬುದು ಅದಕ್ಕಿರುವ ನಿಯಮ. ಪುಟ್ಟ ಮಗುವಿನ ಹೃದಯದ ಒಂದು ಬಡಿತಕ್ಕೆ ಅರ್ಧ ಸೆಕೆಂಡು ಎಂದಿಟ್ಟುಕೊಂಡರೂ, ಒಂದು ಬಡಿತದ ಹತ್ತನೇ ಒಂದು ಭಾಗದಷ್ಟು ಹೊತ್ತೂ ಕರೆಂಟು ಇರುವುದಿಲ್ಲ. ಶಾಕ್ ತಗಲುತ್ತದೆ, ಮಗು ಚೀರುತ್ತದೆ, ಆದರೆ ಕೈ ಅಂಟಿಕೊಂಡು ನಿಲ್ಲುವುದಿಲ್ಲ.

ಈಗ ನಿಮ್ಮ ಡಿಬಿ ತೆರೆದು ನೋಡಿ. ಸಾಲಾಗಿರುವ ಎಂಸಿಬಿಗಳ ಪಕ್ಕದಲ್ಲಿ ಅವುಗಳಿಗಿಂತ ಅಗಲವಾದ, "ಟಿ" ಎಂದು ಬರೆದ ಸಣ್ಣ ಒತ್ತುಗುಂಡಿ ಇರುವ ಒಂದು ಸಾಧನ ಇದೆಯೇ? ಇದ್ದರೆ ಅದರ ಮೈಮೇಲೆ ಅಚ್ಚಾದ ಸೋರಿಕೆಯ ಅಂಕಿ ಓದಿ. 30 ಮಿಲಿಆಂಪ್ ಅಥವಾ 0.03 ಆಂಪ್ ಎಂದಿರಬೇಕು. ಎಷ್ಟೋ ಮನೆಗಳಲ್ಲಿ 100 ಅಥವಾ 300 ಇರುತ್ತದೆ. 300 ಮಿಲಿಆಂಪಿನದು ಬೆಂಕಿ ತಡೆಯಲೆಂದು ಇರುವುದು, ಮೇಲಿನ ಲೆಕ್ಕದ 230ಕ್ಕೆ ಅದು ಅಲುಗದೇ ಇರಬಹುದು. ಮಗುವಿರುವ ಮನೆಗೆ 30 ಬಿಟ್ಟು ಬೇರೆ ಯಾವುದೂ ಬೇಡ. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನ 25 ಅಥವಾ 40 ಆಂಪಿನದು, ತ್ರೀ ಫೇಸ್ ಆದರೆ ನಾಲ್ಕು ಪೋಲಿನದು. ಐಎಸ್ 12640 ಸಂಖ್ಯೆ ಮತ್ತು ಐಎಸ್‌ಐ ಗುರುತು ನೋಡಿಕೊಳ್ಳಿ. ಇನ್ವರ್ಟರ್ ಎಸಿ, ಹೊಸ ಬಗೆಯ ವಾಷಿಂಗ್ ಮೆಷಿನ್ ಇದ್ದರೆ "ಎಸಿ" ಟೈಪಿನ ಆರ್‌ಸಿಸಿಬಿಯ ಬದಲು "ಎ" ಟೈಪ್ ಕೇಳಿ. ಆ ಯಂತ್ರಗಳಿಂದ ಸೋರುವ ಕರೆಂಟು ಮಾಮೂಲಿ ಅಲೆಯ ರೂಪದಲ್ಲಿರುವುದಿಲ್ಲ, ಎಸಿ ಟೈಪಿಗೆ ಅದು ಗೊತ್ತಾಗದೆ ಹೋಗಬಹುದು.

ಟಿ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟಪ್ಪೆಂದು ಬೀಳಬೇಕು. ಬೀಳದಿದ್ದರೆ ಅದು ಸತ್ತ ಹಾಗೆಯೇ, ಬದಲಿಸಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಒಳಗಿನ ಕೀಲು ಹಿಡಿದುಕೊಳ್ಳುವುದೂ ಉಂಟು.

ಇದ್ದೂ ಇಲ್ಲದಂತಾಗಿರುವ ಆರ್‌ಸಿಸಿಬಿಗಳದ್ದು ಇನ್ನೊಂದು ಕಥೆ. ಮಳೆಗಾಲದಲ್ಲಿ ಪದೇಪದೇ ಟ್ರಿಪ್ ಆಗುತ್ತದೆ, ಮನೆಯವರಿಗೆ ಸಾಕಾಗುತ್ತದೆ, ಬಂದ ಕೆಲಸಗಾರ ಎರಡು ತಂತಿ ನೇರ ಸೇರಿಸಿ "ಇನ್ನು ಬೀಳಲ್ಲ ಸಾರ್" ಎಂದು ಹೋಗುತ್ತಾನೆ. ಬೀಳುವುದಿಲ್ಲ ನಿಜ, ಯಾವತ್ತೂ ಬೀಳುವುದಿಲ್ಲ. ಟ್ರಿಪ್ ಆಗುವುದಕ್ಕೆ ಕಾರಣಗಳು ಕೆಲವೇ: ಗೀಸರಿನ ಎಲಿಮೆಂಟು ಸೀಳಿರುತ್ತದೆ, ಹೊರಗಿನ ಲೈಟಿನ ಜಾಯಿಂಟಿಗೆ ನೀರು ಇಳಿದಿರುತ್ತದೆ, ಗೋಡೆಯ ಪೈಪಿನೊಳಗೆ ವೈರಿನ ಸಿಪ್ಪೆ ಹರಿದಿರುತ್ತದೆ, ಇಲ್ಲವೇ ಇನ್ವರ್ಟರ್ ಕೂರಿಸುವಾಗ ಅದರ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿನ ನ್ಯೂಟ್ರಲ್ ಜೊತೆ ಸೇರಿಸಿರುತ್ತಾರೆ. ಕೊನೆಯದು ಬಹಳ ಸಾಮಾನ್ಯ. ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಮರಳಿದರೆ ತಾಳೆ ತಪ್ಪಿ ಆರ್‌ಸಿಸಿಬಿ ಬೀಳುತ್ತದೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತ ಬಂದರೆ ಯಾವ ಲೈನಿನಲ್ಲಿ ತೊಂದರೆ ಎಂದು ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎಲ್ಲ ಎಂಸಿಬಿ ಇಳಿಸಿದ ಮೇಲೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್ ತಂತಿಗೆ (ನೆಲಕ್ಕೆ ಹೋಗುವ ತಂತಿಗೆ) ತಾಗುತ್ತಿದೆ ಎಂದು ಶಂಕಿಸಬೇಕು, ಏಕೆಂದರೆ ಒಂದೇ ಪೋಲಿನ ಎಂಸಿಬಿ ನ್ಯೂಟ್ರಲ್ಲನ್ನು ಕಡಿಯುವುದಿಲ್ಲ. ಸೋರಿಕೆ ಸರಿಪಡಿಸಿ, ಸಾಧನವನ್ನು ಬೈಪಾಸ್ ಮಾಡಲು ಬಿಡಬೇಡಿ.

ಯುಪಿಎಸ್, ಅಂದರೆ ಬ್ಯಾಟರಿಯ ಇನ್ವರ್ಟರ್ ಇರುವ ಮನೆಯವರು ಇದೊಂದನ್ನು ವಿಶೇಷವಾಗಿ ಗಮನಿಸಬೇಕು. ಕರೆಂಟು ಹೋದಾಗ ಬ್ಯಾಟರಿಯಿಂದ ಬರುವುದೂ 230 ವೋಲ್ಟೇ. ಮೇನ್ ಪಕ್ಕದ ಆರ್‌ಸಿಸಿಬಿ ಇನ್ವರ್ಟರಿನ ಹಿಂದೆ ಉಳಿಯುವುದರಿಂದ ಆ ಹೊತ್ತಿನಲ್ಲಿ ಅದು ಏನನ್ನೂ ಕಾಯುವುದಿಲ್ಲ. ಇನ್ವರ್ಟರಿನಿಂದ ಹೊರಡುವ ಲೈನಿಗೆ ಪ್ರತ್ಯೇಕ 30 ಮಿಲಿಆಂಪಿನದು ಹಾಕಿಸಿ, ಮೇನ್ ಇಳಿಸಿ ಬ್ಯಾಟರಿ ಮೇಲೆ ಓಡಿಸಿ, ಆಗಲೂ ಅದು ಟ್ರಿಪ್ ಆಗುವುದನ್ನು ಕಣ್ಣೆದುರಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಅರ್ಥಿಂಗ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಅರ್ಥಿಂಗ್ ಇದ್ದರೆ ಫ್ರಿಜ್ಜಿನ ಮೈಗೆ ಕರೆಂಟು ಬಂದ ಕ್ಷಣವೇ, ಮಗು ಅದನ್ನು ಹಿಡಿದು ನಿಲ್ಲುವ ಮೊದಲೇ ಲೈನ್ ಕಡಿಯುತ್ತದೆ. ಎರಡೇ ತಂತಿಯ ವೈರಿಂಗ್ ಇರುವ ಹಳೇ ಮನೆಗಳಲ್ಲಿ ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ತೂತಿಗೆ ಒಂದು ತುಂಡು ತಂತಿ ಹಾಕಿಬಿಡುತ್ತಾರೆ. ಇದು ಪ್ರಾಣಾಪಾಯದ ಕೆಲಸ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ವಾಷಿಂಗ್ ಮೆಷಿನ್ನು, ಫ್ರಿಜ್ಜು, ಇಸ್ತ್ರಿ ಪೆಟ್ಟಿಗೆಯ ಮೈಗೆಲ್ಲ ಪೂರ್ತಿ ಕರೆಂಟು ಬರುತ್ತದೆ.

ಪರವಾನಗಿ ಇರುವ ವೈರ್‌ಮನ್ನನ್ನು ಕರೆಸಿದಾಗ ಪ್ರತಿ ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 40 ವ್ಯಾಟಿನ ಹಳೇ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಲು ಹೇಳಿ. ಅದು ಎಳೆಯುವುದು ಸುಮಾರು 170 ಮಿಲಿಆಂಪ್. ತಕ್ಷಣ ಆರ್‌ಸಿಸಿಬಿ ಬಿದ್ದರೆ ಅದೂ ಸರಿ, ಅರ್ಥ್ ಸಂಪರ್ಕವೂ ಇದೆ. ಬಲ್ಬು ಉರಿಯುತ್ತಲೇ ಇದ್ದರೆ ಆರ್‌ಸಿಸಿಬಿ ಕೆಟ್ಟಿದೆ, ಬೈಪಾಸ್ ಆಗಿದೆ, ಇಲ್ಲವೇ ಅರ್ಥ್ ತೂತಿಗೆ ನ್ಯೂಟ್ರಲ್ ಸೇರಿಸಿದ್ದಾರೆ. ಉರಿಯಲೂ ಇಲ್ಲ, ಬೀಳಲೂ ಇಲ್ಲ ಎಂದರೆ ಅರ್ಥೇ ಇಲ್ಲ. ಈ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ. ಅರ್ಥ್ ತಂತಿ ತುಂಡಾಗಿದ್ದರೆ ಆ ಕ್ಷಣ ಅದಕ್ಕೆ ಸೇರಿದ ಲೋಹದ ಮೈಗಳಿಗೆಲ್ಲ ಕರೆಂಟು ಬರುತ್ತದೆ. ಎಲ್ಲ ಯಂತ್ರಗಳ ಪ್ಲಗ್ ಕಿತ್ತು, ಮಗುವನ್ನು ಹೊರಗೆ ಕಳಿಸಿ ಮಾಡಬೇಕಾದ್ದು ಇದು.

ಅದೇ ದಿನ ಇನ್ನೊಂದನ್ನೂ ನೋಡಿಸಿ. ಅರ್ಥ್ ತೂತು ಮೇಲಿರುವಂತೆ ಎದುರು ನಿಂತು ನೋಡಿದಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಸ್ವಿಚ್ ಆಫ್ ಮಾಡಿದಾಗ ಟೆಸ್ಟರ್ ಯಾವ ತೂತಿನಲ್ಲೂ ಉರಿಯಬಾರದು. ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿದ್ದರೆ ಆಫ್ ಮಾಡಿದರೂ ಸಾಕೆಟ್ಟಿನಲ್ಲಿ ಫೇಸ್ ಜೀವಂತವಾಗಿರುತ್ತದೆ. ನಮ್ಮ ಸಾಕೆಟ್ಟುಗಳಿಗೆಲ್ಲ ಪಕ್ಕದಲ್ಲೇ ಸ್ವಿಚ್ ಇರುವುದು ದೊಡ್ಡ ಅನುಕೂಲ, ಬಳಸದಾಗ ಆಫ್ ಮಾಡಿದರೆ ಅರ್ಧ ಅಪಾಯ ಕಳೆಯಿತು. ಆದರೆ ಅದು ಫೇಸನ್ನೇ ಕಡಿಯುತ್ತಿದ್ದರೆ ಮಾತ್ರ ಈ ಮಾತು ನಿಜ. ಒಂದು ವರ್ಷದ ಮಗುವಿಗೆ ಸ್ವಿಚ್ ಒತ್ತುವುದೇ ಆಟ ಎಂಬುದೂ ನೆನಪಿರಲಿ.

ಆರ್‌ಸಿಸಿಬಿಗೂ ಕಾಣದ್ದು ಒಂದಿದೆ. ಮಗು ಒಂದು ಕೈಯಲ್ಲಿ ಫೇಸ್ ತೂತಿಗೂ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ತೂತಿಗೂ ಪಿನ್ನು ಹಾಕಿತೆಂದುಕೊಳ್ಳಿ. ಹೋದ ಕರೆಂಟಿನ ಹೆಚ್ಚು ಪಾಲು ಮೈಯ ಮೂಲಕವೇ ನ್ಯೂಟ್ರಲ್‌ಗೆ ಮರಳುತ್ತದೆ, ಲೆಕ್ಕ ತಾಳೆಯಾಗುತ್ತದೆ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಇದನ್ನು ತಡೆಯಬೇಕಾದ್ದು ಸಾಕೆಟ್ಟಿನ ಷಟರ್.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಮೊದಲು ಒಳಗೆ ಹೋಗುವ ಅದು ಸ್ಪ್ರಿಂಗಿನ ಮೇಲೆ ಕೂತ ಪ್ಲಾಸ್ಟಿಕ್ ತಡೆಯನ್ನು ಸರಿಸುತ್ತದೆ, ಆಮೇಲಷ್ಟೇ ಕೆಳಗಿನ ಎರಡು ತೂತು ತೆರೆಯುತ್ತವೆ. ಇನ್ನು ಕೆಲವು ವಿನ್ಯಾಸಗಳಲ್ಲಿ ಕೆಳಗಿನ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುತ್ತದೆ. ಎರಡೂ ಒಳ್ಳೆಯವೇ. ಕೊಳ್ಳುವಾಗ ಅಂಗಡಿಯಲ್ಲೇ, ವೈರ್ ಹಾಕದ ಸಾಕೆಟ್ಟಿನ ಕೆಳಗಿನ ಒಂದೇ ತೂತಿಗೆ ರಿಫಿಲ್ ಒತ್ತಿ ನೋಡಿ, ಒಳಗೆ ಹೋಗಬಾರದು. ಓರೆಯಾಗಿ ಒತ್ತಿ, ಅಲ್ಲಾಡಿಸಿ ನೋಡಿ, ಅಗ್ಗದವು ಅಲ್ಲೇ ಸಿಕ್ಕಿಬೀಳುತ್ತವೆ. ಐಎಸ್ 1293 ಎಂದಿರಬೇಕು. ಎಲ್ಲ ದೇಶದ ಪ್ಲಗ್ಗೂ ಹಿಡಿಯುವ ಯೂನಿವರ್ಸಲ್ ಸಾಕೆಟ್ಟುಗಳ ತೂತು ದೊಡ್ಡದು, ಆಕಾರ ಅಡ್ಡಾದಿಡ್ಡಿ. ಮಗುವಿಗೆ ಎಟುಕುವ ಜಾಗಕ್ಕೆ ಅವು ಬೇಡ. ಐದು ತೂತಿನ ಹಳೇ ಸಾಕೆಟ್ಟುಗಳನ್ನು ಮುಚ್ಚಳದಿಂದ ಉಳಿಸಿಕೊಳ್ಳುವ ಪ್ರಯತ್ನವೂ ಬೇಡ, ಮೂರು ತೂತಿಗೆ ಮುಚ್ಚಳ ಕೂತರೆ ಇನ್ನೆರಡು ತೆರೆದೇ ಇರುತ್ತವೆ. ಬದಲಿಸಿಬಿಡಿ.

ದೊಡ್ಡವರ ಒಂದು ಅಭ್ಯಾಸ ಈ ಷಟರನ್ನು ಹಾಳುಮಾಡುತ್ತದೆ. ಎರಡು ಪಿನ್ನಿನ ಚಾರ್ಜರ್ ಹೋಗದಿದ್ದಾಗ ಅರ್ಥ್ ತೂತಿಗೆ ಪೆನ್ನು ತುರುಕಿ, ಷಟರ್ ತೆರೆದು, ಚಾರ್ಜರ್ ಸಿಕ್ಕಿಸುತ್ತೇವೆ. ಇದರಿಂದ ಸ್ಪ್ರಿಂಗು ಸಡಿಲವಾಗಿ ಷಟರ್ ಅರ್ಧ ತೆರೆದೇ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು, ಪಕ್ಕದಲ್ಲಿ ಕೂತ ಮಗು ಇದನ್ನು ನೋಡುತ್ತಿರುತ್ತದೆ. ಬೀಗ ತೆಗೆಯುವುದು ಹೇಗೆಂದು ನಾವೇ ಹೇಳಿಕೊಟ್ಟ ಹಾಗಾಯಿತು. ಪ್ಲಗ್ಗೇ ಇಲ್ಲದ ವೈರಿನ ಎರಡು ತುದಿ ಸುಲಿದು ಸಾಕೆಟ್ಟಿಗೆ ತೂರಿ ಬೆಂಕಿಕಡ್ಡಿಯಿಂದ ಬಿಗಿ ಮಾಡುವುದು ಇನ್ನೂ ನಿಂತಿಲ್ಲ. ಮಗು ವೈರು ಎಳೆದರೆ ಸುಲಿದ ತಾಮ್ರವೇ ಕೈಗೆ ಬರುತ್ತದೆ.

ಮುಚ್ಚಳದ ವಿಷಯಕ್ಕೆ ಬಂದರೆ, ಆನ್‌ಲೈನಿನಲ್ಲಿ ಸಿಗುವ ಎಷ್ಟೋ ಪ್ಯಾಕೆಟ್ಟುಗಳು ಅಮೆರಿಕದ ಚಪ್ಪಟೆ ಪಿನ್ನಿನವು ಅಥವಾ ಯುರೋಪಿನ 4 ಮಿಲಿಮೀಟರ್ ಪಿನ್ನಿನವು. ನಮ್ಮ ಸಾಕೆಟ್ಟಿಗೆ ಮೊದಲನೆಯದು ಹೋಗುವುದಿಲ್ಲ, ಎರಡನೆಯದು ಲೊಡಲೊಡ ಅಲ್ಲಾಡುತ್ತದೆ. 6 ಮತ್ತು 16 ಆಂಪಿಗೆ ಬೇರೆಬೇರೆ ಅಳತೆಯ, ಮೂರು ದುಂಡು ಪಿನ್ನಿನದನ್ನೇ ತನ್ನಿ. ನಿಮಗೆ ಉಗುರಿನಿಂದ ಎಬ್ಬಿಸಲು ಕಷ್ಟವಾಗುವಷ್ಟು ಬಿಗಿಯಿರಬೇಕು. 3.2 ಸೆಂಟಿಮೀಟರಿಗಿಂತ ಅಗಲವಿರಬೇಕು, ಅದಕ್ಕಿಂತ ಚಿಕ್ಕದು ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಬಹುದು. ಮುಚ್ಚಳದ ಅರ್ಥ್ ಪಿನ್ನೂ ಷಟರನ್ನು ತೆರೆದೇ ಇಟ್ಟಿರುತ್ತದೆ. ಕೆಳಗಿನ ಪಿನ್ನು ಮುರಿದ ಮುಚ್ಚಳ ಹಾಗಾಗಿ ಮುಚ್ಚಳವೇ ಇಲ್ಲದ್ದಕ್ಕಿಂತ ಅಪಾಯ, ಅದನ್ನು ಅಂದೇ ಎಸೆಯಿರಿ. ಒಳ್ಳೆಯ ಷಟರ್ ಇರುವ ಹೊಸ ಸಾಕೆಟ್ಟಿಗೆ ಮುಚ್ಚಳ ಬೇಕಾಗಿಯೇ ಇಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆ 2016ರಲ್ಲಿ ಆಸ್ಪತ್ರೆ, ಆರೈಕೆ ಕೇಂದ್ರಗಳಿಂದ ಇಂಥ ಮುಚ್ಚಳಗಳನ್ನು ತೆಗೆಯುವಂತೆ ಎಚ್ಚರಿಸಿತು, ಅಲ್ಲಿನ ಸಾಕೆಟ್ಟಿನ ಷಟರಿಗೆ ಅವು ತೊಡಕು ಎಂಬ ಕಾರಣಕ್ಕೆ. ಅಲ್ಲಿ ನೆಲೆಸಿರುವ ಕನ್ನಡಿಗರು ಊರಿನ ಅಭ್ಯಾಸದಂತೆ ಮುಚ್ಚಳ ಕೊಳ್ಳುವ ಅಗತ್ಯವಿಲ್ಲ. ಅಮೆರಿಕದಲ್ಲಿ 2008ರ ವಿದ್ಯುತ್ ಸಂಹಿತೆಯಿಂದ ಹೊಸ ಮನೆಗಳಿಗೆ ಷಟರಿನ ಸಾಕೆಟ್ ಕಡ್ಡಾಯವಾಯಿತು. ಅದಕ್ಕಿಂತ ಹಳೇ ಬಾಡಿಗೆ ಮನೆಯಾದರೆ ಪರೀಕ್ಷಿಸಿ.

ಎತ್ತರದ ಬೋರ್ಡಿದೆ ಎಂದು ಮೈಮರೆಯುವಂತಿಲ್ಲ. ಒಂದು ವರ್ಷದ ಮಗು ಮುಕ್ಕಾಲು ಮೀಟರ್ ಎತ್ತರ, ಕೈ ಎತ್ತಿದರೆ ಇನ್ನೂ ಮೇಲೆ. ಬೋರ್ಡಿನ ಕೆಳಗೆ ದಿವಾನ್ ಅಥವಾ ಪ್ಲಾಸ್ಟಿಕ್ ಕುರ್ಚಿ ಇದ್ದರೆ ನಾಲ್ಕೂವರೆ ಅಡಿಯೂ ಎಟುಕುತ್ತದೆ. ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡಂತೂ ಮಗುವಿನ ಮಡಿಲಿಗೇ ಬಂದ ಸಾಕೆಟ್ಟು. ಅದನ್ನು ಟೇಬಲ್ಲಿನ ಅಡಿಭಾಗಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ, ಇಲ್ಲವೇ ವೈರು ಹೊರಬರಲು ಸಂದಿರುವ ಮುಚ್ಚಳದ ಡಬ್ಬಿಯೊಳಗಿಡಿ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಕೆಟಲ್ಲಿನ ವೈರು ಕಟ್ಟೆಯಿಂದ ಜೋತಾಡಬಾರದು, ಎಳೆದರೆ ಬಿಸಿನೀರೂ ಪೆಟ್ಟಿಗೆಯೂ ಮಗುವಿನ ಮೈಮೇಲೆ ಬೀಳುತ್ತವೆ.

ಬಕೆಟ್ಟಿಗೆ ಇಳಿಬಿಟ್ಟ ನೀರು ಕಾಯಿಸುವ ರಾಡ್ ಬಗ್ಗೆ ರಾಜಿಯೇ ಬೇಡ. ಎಲಿಮೆಂಟು ಸೀಳಿದರೆ ನೀರಿಗೇ ಕರೆಂಟು, ಬಕೆಟ್ ಉರುಳಿದರೆ ಕುದಿನೀರು. ಮಗು ನಡೆಯುವ ಮನೆಯಲ್ಲಿ ಅದನ್ನು ಬಳಸುವುದನ್ನೇ ನಿಲ್ಲಿಸಿ. ಆಗದಿದ್ದರೆ ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿ, ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ.

ಕೆಳಗಿನ ಸಾಕೆಟ್ಟಿನಲ್ಲಿ ಕೆಂಪು ದೀಪ ಬೀರುವ ಸೊಳ್ಳೆ ಓಡಿಸುವ ಮೆಷಿನ್ನು ಮಗುವನ್ನು ಕರೆದು ತೋರಿಸುವಂತಿರುತ್ತದೆ. ಕಿತ್ತರೆ ಸಾಕೆಟ್ ತೆರೆಯುತ್ತದೆ, ಬಾಟಲಿ ಬಾಯಿಗೆ ಹೋಗುತ್ತದೆ. ಒಳಗಿನ ದ್ರವದಲ್ಲಿ ಕೀಟನಾಶಕದ ಜೊತೆ ಸೀಮೆಎಣ್ಣೆಯ ಜಾತಿಯ ದ್ರಾವಕವಿದೆ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಹಾನಿ ಹೆಚ್ಚು. ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಮಾಡಿಯೂ ಮಗುವಿಗೆ ಕರೆಂಟು ಹಿಡಿದರೆ, ಮುಟ್ಟಬೇಡಿ. ಮೊದಲು ಸ್ವಿಚ್ ಅಥವಾ ಮೇನ್ ಇಳಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಆಗದಿದ್ದರೆ ಒಣ ಮರದ ಸ್ಟೂಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಮಗುವನ್ನು ದೂರ ತಳ್ಳಿ. ಉಸಿರಿಲ್ಲದಿದ್ದರೆ 108ಕ್ಕೆ ಇನ್ನೊಬ್ಬರಿಂದ ಫೋನ್ ಮಾಡಿಸಿ, ನೀವು ಎದೆ ಒತ್ತಲು ಶುರುಮಾಡಿ: ಎದೆಯ ನಡುವೆ, ಎದೆಯ ದಪ್ಪದ ಮೂರನೇ ಒಂದರಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ವರ್ಷ ದಾಟಿದ ಮಗುವಿಗೆ ಒಂದು ಅಂಗೈಯ ಬುಡ, ಅದಕ್ಕಿಂತ ಎಳೆಯದಕ್ಕೆ ಎದೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿದು ಎರಡು ಹೆಬ್ಬೆರಳು. 30 ಸಲ ಒತ್ತಿ, 2 ಸಲ ಬಾಯಿಂದ ಉಸಿರು ಕೊಡಿ, ನೆರವು ಬರುವವರೆಗೆ ಮುಂದುವರಿಸಿ. ಎಚ್ಚರವಿದ್ದು ಆಡುತ್ತಿದ್ದರೂ ವೈದ್ಯರಿಗೆ ತೋರಿಸಿ. ಚರ್ಮದ ಮೇಲೆ ಕಾಣುವ ಚುಕ್ಕೆ ಸಣ್ಣದಿದ್ದು ಒಳಗೆ ಸುಟ್ಟದ್ದು ದೊಡ್ಡದಿರಬಹುದು. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿಯ ನೀರು ಬಿಡಿ, ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ.

ಎಕ್ಸ್‌ಟೆನ್ಷನ್ ವೈರಿನ ತುದಿಯನ್ನು ಬಾಯಿಗಿಟ್ಟು ತುಟಿಯ ಮೂಲೆ ಸುಟ್ಟುಕೊಂಡ ಮಗುವಿನ ವಿಷಯ ಬೇರೆ. ಮೊದಲ ದಿನ ಬೂದುಬಣ್ಣದ ಸಣ್ಣ ಗಾಯ, ರಕ್ತವೂ ಇರುವುದಿಲ್ಲ. ಐದನೇ ದಿನದಿಂದ ಎರಡು ವಾರದೊಳಗೆ ಸತ್ತ ಚರ್ಮದ ಹಕ್ಕಳೆ ಉದುರುವಾಗ ತುಟಿಯ ರಕ್ತನಾಳ ತೆರೆದುಕೊಂಡು, ಅದೂ ನಡುರಾತ್ರಿ ನಿದ್ದೆಯಲ್ಲಿ, ಜೋರಾಗಿ ಸುರಿಯಬಹುದು. ಆ ದಿನಗಳಲ್ಲಿ ಮಗುವನ್ನು ಒಂಟಿಯಾಗಿ ಮಲಗಿಸಬೇಡಿ, ಶುಚಿಯಾದ ಬಟ್ಟೆ ಕೈಗೆಟುಕುವಲ್ಲೇ ಇರಲಿ. ರಕ್ತ ಬಂದರೆ ಒಳಗೊಂದು ಬೆರಳು, ಹೊರಗೊಂದು ಬೆರಳಿಟ್ಟು ತುಟಿಯ ಮೂಲೆಯನ್ನು ಬಟ್ಟೆಯಿಂದ ಬಿಗಿಯಾಗಿ ಅದುಮಿ, ಬಿಡದೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.